ಜೋಡಿ ರೋಟರಿನ ಹೆಲಿಕಾಪ್ಟರೂ ಅದರ ಹದವೂ

ಮೋಟಾರು ಹೋಗಲಾರದ ಗುಡ್ಡದ ದಾರಿಯಲ್ಲಿ ರೋಗಿಯನ್ನು ಸಾಗಿಸಬೇಕಾದರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯ ಜನ ಹೂಡುವ ಉಪಾಯ ವಾಚಕರಿಗೆ ತಿಳಿದೇ ಇದೆ. ಗಟ್ಟಿಯಾದೊಂದು ಬಿದಿರಿನ ಗಳುವಿಗೆ ಕಂಬಳಿಯ ಜೋಲಿ ಕಟ್ಟಿ, ರೋಗಿಯನ್ನು ಅದರಲ್ಲಿ ಮಲಗಿಸಿ, ಇಬ್ಬರು ಹೆಗಲು ಕೊಟ್ಟು ನಡೆಯುತ್ತಾರೆ. ಒಬ್ಬನು ಮುಂದೆ, ಇನ್ನೊಬ್ಬನು ಹಿಂದೆ. ಜೋಲಿ ತುಸು ಹಿಂದೆ ಮುಂದೆ ಜರುಗಿದರೂ ಚಿಂತೆಯಿಲ್ಲ, ಒಬ್ಬನ ಹೆಗಲಿಗೆ ಸ್ವಲ್ಪ ಹೆಚ್ಚು, ಇನ್ನೊಬ್ಬನ ಹೆಗಲಿಗೆ ಸ್ವಲ್ಪ ಕಡಮೆ, ಅಷ್ಟೆ. ಆದರೆ ಹಿಂದಿನವನ ಕಷ್ಟವೇ ಬೇರೆ. ಮಳೆಗಾಲದಲ್ಲಿ ಮುಂದಿನವನು ತುಳಿದು ಕೆಸರು ಮಾಡಿದ ಜಾಗದಲ್ಲಿಯೇ ಅವನು ಕಾಲಿಡಬೇಕು. ಮುಂದಿನವನು ಭಾರವಾಗಿ ಹೆಜ್ಜೆಯಿಟ್ಟಷ್ಟೂ ಹಿಂದಿನವನ ಕಾಲು ಹೆಚ್ಚು ಹೂತುಹೋಗುತ್ತದೆ.

ಇದೇ ರೀತಿಯಲ್ಲಿ ಭಾರ ಹೊರುವ ಹೆಲಿಕಾಪ್ಟರೊಂದುಂಟು. ಅದಕ್ಕೆ ಬಾಲದ ಪುಟ್ಟ ಪಂಖವಿಲ್ಲ. ಮೂತಿಯ ಮೇಲೊಂದು, ಬಾಲದ ಮೇಲೊಂದು, ಹೀಗೆ ಸರಿಸಮನಾದ ಎರಡು ದೊಡ್ಡ ರೋಟರುಗಳು, ಎಂದರೆ ಅಲಗುಗಳ ತಿರುಗುಚಕ್ರಗಳು, ಇವೆ. ನಮ್ಮ ದೇಶದಲ್ಲಿ ಇಂದು ಹಾರುತ್ತಿರುವ ಇಂಥ ಯಂತ್ರ ಅಮೆರಿಕದ ಬೋಯಿಂಗ್ ಸಂಸ್ಥೆಯ ಚಿನೂಕ್. 2019ರ ಮಾರ್ಚ್ 25ರಂದು ಚಂಡೀಗಢದಲ್ಲಿ ಭಾರತೀಯ ವಾಯುಪಡೆ ಇದನ್ನು ಸೇವೆಗೆ ಸೇರಿಸಿಕೊಂಡಿತು. ಒಟ್ಟು 15 ಯಂತ್ರಗಳು ಬಂದವು. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಹದಿನೇಳು ದಿನ ಸಿಕ್ಕಿಬಿದ್ದಿದ್ದ 41 ಮಂದಿ ಕೆಲಸಗಾರರು ಹೊರಬಂದ ಮರುದಿನ ಅವರನ್ನು ಹೃಷೀಕೇಶದ ಆಸ್ಪತ್ರೆಗೆ ಹೊತ್ತೊಯ್ದದ್ದು ಇದೇ ಯಂತ್ರ. ಇದಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ: ಹಿಂದಿನ ರೋಟರನ್ನು ತಲೆಯ ಮೇಲೆ ಹೊತ್ತು ನಿಂತಿರುವ ಗೋಪುರವನ್ನೂ, ಸಾಮಾನು ಏರಿಸುವ ಹಿಂಬದಿಯ ಇಳಿಜಾರು ಬಾಗಿಲನ್ನೂ ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್ ಎಂಬ ಸಂಸ್ಥೆ ಬೋಯಿಂಗಿಗಾಗಿ ತಯಾರಿಸಿ ಕೊಡುತ್ತಾ ಬಂದಿದೆ. ಆ ಗೋಪುರ ಅಷ್ಟು ಎತ್ತರವಾಗಿರುವುದೇಕೆ ಎಂಬ ಪ್ರಶ್ನೆಗೂ ನಾವು ಮುಂದೆ ಹೇಳಲಿರುವ ವಿಷಯಕ್ಕೂ ಹತ್ತಿರದ ಸಂಬಂಧವಿದೆ.

ಚಿನೂಕನ್ನು ನಡೆಸುವ ಚಾಲಕನಿಗೆ ಅದು ಬಹಳ ಸಾಧುವಾದ ಯಂತ್ರವೆನಿಸುತ್ತದೆ. ಹಿಡಿಗೋಲನ್ನು ಸ್ವಲ್ಪ ಮುಂದಕ್ಕೆ ಒತ್ತಿದರೆ ವೇಗ ಸ್ವಲ್ಪ ಹೆಚ್ಚಿ ಅಲ್ಲಿಯೇ ನಿಲ್ಲುತ್ತದೆ. ಕೈ ಬಿಟ್ಟರೂ ಯಂತ್ರ ತನ್ನ ವೇಗವನ್ನು ಕಾಯ್ದುಕೊಂಡು ಸಾಗುತ್ತದೆ. ಆದರೆ ಈ ಸಾಧುತ್ವ ಆ ದೇಹಕ್ಕೆ ಹುಟ್ಟಿನಿಂದ ಬಂದುದಲ್ಲ. ಎರಡು ರೋಟರುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಾಗ ದೊರೆಯುವ ಯಂತ್ರ ಸ್ವಭಾವತಃ ಅಸ್ಥಿರವಾದುದು. ಚಾಲಕನ ಕೈಗೂ ಅಲಗುಗಳಿಗೂ ನಡುವೆ ಕುಳಿತ ಕೆಲವು ಸ್ವಯಂಚಾಲಿತ ದಂಡಗಳು ಎಡೆಬಿಡದೆ ಹದಮಾಡುತ್ತಿರುವುದರಿಂದ ಅದು ಸ್ಥಿರವಾದಂತೆ ತೋರುತ್ತದೆ. ಈ ಹದ ಮಾಡುವ ವ್ಯವಸ್ಥೆಗೆ ವಿಮಾನಶಾಸ್ತ್ರದಲ್ಲಿ ಟ್ರಿಮ್ ಎನ್ನುತ್ತಾರೆ.

ಮೊದಲು ಎರಡು ರೋಟರುಗಳೇಕೆ ಎಂಬುದನ್ನು ನೋಡೋಣ. ಒಂದೇ ರೋಟರಿರುವ ಹೆಲಿಕಾಪ್ಟರಿನಲ್ಲಿ ಯಂತ್ರ ರೋಟರನ್ನು ಒಂದು ಕಡೆಗೆ ತಿರುಗಿಸಿದರೆ ನ್ಯೂಟನ್ನನ ಮೂರನೆಯ ನಿಯಮದಂತೆ ಹೆಲಿಕಾಪ್ಟರಿನ ಒಡಲು ಇನ್ನೊಂದು ಕಡೆಗೆ ತಿರುಗತೊಡಗುತ್ತದೆ. ಅದನ್ನು ತಡೆಯಲು ಬಾಲದಲ್ಲೊಂದು ಪಂಖ ಬೇಕು. ಅದು ತಿನ್ನುವ ಶಕ್ತಿಯಿಂದ ಭಾರವೇನೂ ಮೇಲೇಳುವುದಿಲ್ಲ. ಜೋಡಿ ರೋಟರಿನಲ್ಲಿ ಎರಡೂ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಒಂದರ ತಿರುಚು ಇನ್ನೊಂದರ ತಿರುಚನ್ನು ಅಳಿಸುತ್ತದೆ. ಯಂತ್ರದ ಶಕ್ತಿಯೆಲ್ಲ ಎತ್ತುವ ಕೆಲಸಕ್ಕೇ ಸಲ್ಲುತ್ತದೆ. ಚಿನೂಕಿನ ಒಂದೊಂದು ರೋಟರಿನ ವ್ಯಾಸ 18.3 ಮೀಟರು, ಎರಡರ ನಡುವಿನ ದೂರ ಸುಮಾರು 12 ಮೀಟರು. ಹಾಗಾದರೆ ಎರಡು ಚಕ್ರಗಳೂ ಒಂದರ ಮೇಲೊಂದು ಹಾಯಲೇಬೇಕಲ್ಲವೆ? ಹಾಯುತ್ತವೆ. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಸರದಿಯ ಮೇಲೆ ಒನಕೆ ಹಾಕುವುದನ್ನು ಕಂಡವರಿಗೆ ಇದು ಹೊಸದಲ್ಲ. ಒಂದರ ಅಲಗುಗಳ ಸಂದಿಯಲ್ಲಿ ಇನ್ನೊಂದರ ಅಲಗುಗಳು ತೂರಿಹೋಗುವಂತೆ ಉದ್ದನೆಯ ಉಕ್ಕಿನ ದಂಡಗಳೂ ಹಲ್ಲುಗಾಲಿಗಳೂ ಎರಡನ್ನೂ ಒಂದೇ ತಾಳದಲ್ಲಿ ಬಿಗಿದಿವೆ. ತಾಳ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1986ರ ನವೆಂಬರ್ 6ರಂದು ಸ್ಕಾಟ್ಲೆಂಡಿನ ಷೆಟ್ಲೆಂಡ್ ದ್ವೀಪಗಳ ಬಳಿ ನಡೆದ ದುರಂತವೇ ಸಾಕ್ಷಿ: ಮುಂದಿನ ರೋಟರಿನ ಹಲ್ಲುಗಾಲಿಯೊಂದು ಮುರಿದು, ಅಲಗುಗಳು ಬಡಿದುಕೊಂಡು, ಚಿನೂಕಿನಲ್ಲಿದ್ದ 47 ಮಂದಿಯಲ್ಲಿ 45 ಮಂದಿ ಸತ್ತರು.

ಜೋಡಿ ರೋಟರಿನ ದೊಡ್ಡ ಗುಣವೆಂದರೆ ಭಾರವನ್ನು ಹಿಂದೆ ಮುಂದೆ ಹೇಗಿಟ್ಟರೂ ತಾಳಿಕೊಳ್ಳುವ ಶಕ್ತಿ. ನಮ್ಮ ವಿದ್ಯಾರ್ಥಿಗಳು ತಮ್ಮ ಪುಸ್ತಕದ ಸನ್ನೆಯ ಲೆಕ್ಕವನ್ನು ಇಲ್ಲಿ ಮಾಡಿ ನೋಡಬಹುದು. ಯಂತ್ರದ ಒಟ್ಟು ಭಾರ 20 ಟನ್ನು ಎಂದಿಟ್ಟುಕೊಳ್ಳೋಣ. ಗುರುತ್ವ ಕೇಂದ್ರ ಸರಿಯಾಗಿ ನಡುವಿದ್ದರೆ ಒಂದೊಂದು ರೋಟರಿನ ಪಾಲಿಗೆ 10 ಟನ್ನು. ಕೇಂದ್ರ 60 ಸೆಂಟಿಮೀಟರು ಮುಂದಕ್ಕೆ ಸರಿದರೆ ಮುಂದಿನದಕ್ಕೆ 11, ಹಿಂದಿನದಕ್ಕೆ 9. ರೋಟರುಗಳಿಗೆ ಇದೊಂದು ದೊಡ್ಡ ಮಾತಲ್ಲ. ಒಂದೇ ರೋಟರಿನ ಹೆಲಿಕಾಪ್ಟರಾದರೋ ಒಂದೇ ಹಗ್ಗದಿಂದ ನೇತುಹಾಕಿದ ತಕ್ಕಡಿಯಂತೆ. ಭಾರ ಅಷ್ಟು ಸರಿದರೆ ಒಡಲೇ ವಾಲುತ್ತದೆ. ಹೊಟ್ಟೆಯ ಕೆಳಗೆ ಫಿರಂಗಿಯನ್ನು ತೂಗುಹಾಕಿಕೊಂಡು ಬೆಟ್ಟ ಹತ್ತುವ ಕೆಲಸಕ್ಕೆ ಚಿನೂಕನ್ನು ಆರಿಸಿಕೊಳ್ಳುವುದು ಇದರಿಂದಲೇ.

ಇನ್ನು ಅದನ್ನು ನಡೆಸುವ ಬಗೆ. ಎಡಗೈಯ ಸನ್ನೆಕೋಲು ಎರಡು ರೋಟರುಗಳ ಅಲಗುಗಳ ಕೋನವನ್ನೂ ಒಟ್ಟಿಗೆ ಏರಿಸಿ ಇಳಿಸುತ್ತದೆ. ಯಂತ್ರ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಕಾಲುಮಣೆಗಳು ಒಂದು ರೋಟರನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ವಾಲಿಸಿ ಯಂತ್ರದ ಮೂತಿಯನ್ನು ತಿರುಗಿಸುತ್ತವೆ. ನಮಗಿಲ್ಲಿ ಮುಖ್ಯವಾದದ್ದು ಬಲಗೈಯ ಹಿಡಿಗೋಲು. ಒಂಟಿ ರೋಟರಿನಲ್ಲಿ ಅದನ್ನು ಮುಂದಕ್ಕೆ ಒತ್ತಿದರೆ ರೋಟರಿನ ಚಕ್ರವೇ ಮುಂದಕ್ಕೆ ಬಾಗುತ್ತದೆ. ಜೋಡಿ ರೋಟರಿನಲ್ಲಿ ಹಾಗಲ್ಲ. ಇಲ್ಲಿ ಮುಂದಿನ ರೋಟರಿನ ಅಲಗುಗಳ ಕೋನ ಕಡಮೆಯಾಗುತ್ತದೆ, ಹಿಂದಿನದರದು ಹೆಚ್ಚುತ್ತದೆ. ಮೂತಿ ತಗ್ಗಿ ಬಾಲ ಏಳುತ್ತದೆ. ಇಡೀ ಯಂತ್ರ ಮುಂದಕ್ಕೆ ಬಾಗಿ ವೇಗ ಪಡೆಯುತ್ತದೆ. ಜೋಲಿ ಹೊತ್ತ ಇಬ್ಬರಲ್ಲಿ ಮುಂದಿನವನು ಮಂಡಿ ಬಗ್ಗಿಸಿ ಹಿಂದಿನವನು ತುದಿಗಾಲಿನಲ್ಲಿ ನಿಂತರೆ ಗಳು ಓರೆಯಾಗುವಂತೆಯೇ ಇದು. ಅಂದರೆ ಹಿಂದು ಮುಂದಿನ ಓಲಾಟವೆಲ್ಲ ಎರಡು ರೋಟರುಗಳ ಎತ್ತುಬಲದ ವ್ಯತ್ಯಾಸವನ್ನೇ ಅವಲಂಬಿಸಿದೆ. ಈ ವ್ಯತ್ಯಾಸವನ್ನು ಚಾಲಕನಲ್ಲದೆ ಬೇರೆ ಯಾರಾದರೂ ಬದಲಿಸುವಂತಿದ್ದರೆ ತೊಂದರೆ ತಪ್ಪಿದ್ದಲ್ಲ. ಬದಲಿಸುವವನೊಬ್ಬನಿದ್ದಾನೆ, ಅವನೇ ಗಾಳಿ.

ರೋಟರು ಎತ್ತುಬಲ ಪಡೆಯುವುದು ಗಾಳಿಯನ್ನು ಕೆಳಕ್ಕೆ ತಳ್ಳಿ. ಈ ಕೆಳಮುಖವಾದ ಪ್ರವಾಹವನ್ನು ನಾವು ಇಳಿಗಾಳಿ ಎನ್ನೋಣ. ಸಂವೇಗದ ಸರಳ ಲೆಕ್ಕದ ಪ್ರಕಾರ, 18.3 ಮೀಟರು ವ್ಯಾಸದ ರೋಟರೊಂದು 10 ಟನ್ನು ಭಾರವನ್ನು ಹೊತ್ತು ಒಂದೇ ಕಡೆ ನಿಂತಿದ್ದರೆ ಅದರ ಮೂಲಕ ಹಾಯುವ ಇಳಿಗಾಳಿಯ ವೇಗ ಸೆಕೆಂಡಿಗೆ ಸುಮಾರು 12.5 ಮೀಟರು. ಯಂತ್ರ ಮುಂದಕ್ಕೆ ಓಡತೊಡಗಿದರೆ ರೋಟರಿಗೆ ಸೆಕೆಂಡು ಸೆಕೆಂಡಿಗೂ ಹೊಸ ಗಾಳಿ ಧಾರಾಳವಾಗಿ ದೊರೆಯುತ್ತದೆ. ಹೆಚ್ಚು ಗಾಳಿ ಸಿಕ್ಕಿದಾಗ ಅದನ್ನು ಮೆಲ್ಲಗೆ ತಳ್ಳಿದರೂ ಅದೇ ಎತ್ತುಬಲ ಬರುತ್ತದೆ. ಸೆಕೆಂಡಿಗೆ 40 ಮೀಟರು ವೇಗದಲ್ಲಿ ಇಳಿಗಾಳಿ 3.9 ಮೀಟರಿಗೆ ಇಳಿಯುತ್ತದೆ, 60 ಮೀಟರು ವೇಗದಲ್ಲಿ 2.6ಕ್ಕೆ. ರೋಟರನ್ನು ದಾಟಿದ ಮೇಲೆ ಈ ಗಾಳಿ ಇನ್ನೂ ಬಲಗೊಂಡು, ಬಹುದೂರ ಹಿಂದೆ, ಎರಡರಷ್ಟಾಗುವುದುಂಟು. ಆ ಹಾದಿಯಲ್ಲಿಯೇ ಹಿಂದಿನ ರೋಟರು ಬರುತ್ತಿದೆಯೆಂಬುದನ್ನು ಮರೆಯಬಾರದು. ಅದೇ ನಮ್ಮ ಜೋಲಿಯವನು ತುಳಿಯುವ ಕೆಸರು.

ಈಗ ಯಂತ್ರ ಸೆಕೆಂಡಿಗೆ 40 ಮೀಟರು ವೇಗದಲ್ಲಿ ಸಮವಾಗಿ ಹಾರುತ್ತಿದೆಯೆಂದು ತಿಳಿಯೋಣ. ಯಾವುದೋ ಕಾರಣದಿಂದ ವೇಗ ಹೆಚ್ಚಿತು. ಇಳಿಗಾಳಿ ಕಡಮೆಯಾಯಿತು. ತನ್ನ ಇಳಿಗಾಳಿ ತಗ್ಗಿದ ಲಾಭ ಎರಡು ರೋಟರುಗಳಿಗೂ ಉಂಟು. ಆದರೆ ಮುಂದಿನದರ ಇಳಿಗಾಳಿ ತಗ್ಗಿದ ಲಾಭ ಹಿಂದಿನದಕ್ಕೆ ಮಾತ್ರ. ಹೀಗೆ ಹಿಂದಿನ ರೋಟರಿಗೆ ದುಪ್ಪಟ್ಟು ಲಾಭ ದೊರೆತು ಅದರ ಎತ್ತುಬಲ ಹೆಚ್ಚುತ್ತದೆ, ಬಾಲ ಏಳುತ್ತದೆ, ಮೂತಿ ತಗ್ಗುತ್ತದೆ, ವೇಗ ಮತ್ತಷ್ಟು ಹೆಚ್ಚುತ್ತದೆ, ಇಳಿಗಾಳಿ ಮತ್ತಷ್ಟು ತಗ್ಗುತ್ತದೆ. ಗಾಳಿಯ ಈ ಬದಲಾವಣೆ ಅಷ್ಟೊಂದು ಪರಿಣಾಮ ಮಾಡೀತೆ ಎಂದು ಕೇಳಬಹುದು. ಚಿನೂಕಿನ ಅಲಗುಗಳು ನಿಮಿಷಕ್ಕೆ 225 ಸುತ್ತು ತಿರುಗುತ್ತವೆ. ಅಲಗಿನ ಮುಕ್ಕಾಲು ಉದ್ದದಲ್ಲಿ ವೇಗ ಸೆಕೆಂಡಿಗೆ 160 ಮೀಟರಷ್ಟು. ಕೆಳಮುಖದ ಗಾಳಿಯಲ್ಲಿ 2 ಮೀಟರು ಕಡಮೆಯಾದರೆ ಅಲಗು ಗಾಳಿಯನ್ನು ಎದುರಿಸುವ ಕೋನ ಮುಕ್ಕಾಲು ಡಿಗ್ರಿಯಷ್ಟು ಹೆಚ್ಚುತ್ತದೆ. ಮುಕ್ಕಾಲು ಡಿಗ್ರಿ ಏನು ಮಹಾ ಎನ್ನುವಂತಿಲ್ಲ. ಇಡೀ ಕೋನವೇ 5 ಡಿಗ್ರಿಯ ಆಸುಪಾಸಿನದು, ಎಂದರೆ ಏಳರಲ್ಲೊಂದು ಪಾಲು. ಇದು ಸ್ಥೂಲವಾದ ಲೆಕ್ಕ. ಹಿಂದಿನ ರೋಟರಿನ ಎತ್ತುಬಲ ಹೆಚ್ಚಿದಂತೆ ಅದರ ಇಳಿಗಾಳಿಯೂ ಹೆಚ್ಚಿ ಈ ಲಾಭದಲ್ಲಿ ಸ್ವಲ್ಪವನ್ನು ಕಿತ್ತುಕೊಳ್ಳುತ್ತದೆ. ಆದರೂ ಅರ್ಧ ಟನ್ನಿನಷ್ಟು ಬಲ ಹೆಚ್ಚಾದರೂ ಸಾಕು, ಅದು ಗುರುತ್ವ ಕೇಂದ್ರದಿಂದ 6 ಮೀಟರು ದೂರದಲ್ಲಿ ನಿಂತು ಬಾಲವನ್ನು ಎತ್ತುತ್ತಿರುತ್ತದೆ.

ಭೌತಶಾಸ್ತ್ರದ ತರಗತಿಯಲ್ಲಿ ಸ್ಥಿರ ಸಮತೋಲ, ಅಸ್ಥಿರ ಸಮತೋಲ ಎಂದು ಹೇಳಿಕೊಡುತ್ತೇವೆ. ಒರಳಿನ ಗುಳಿಯಲ್ಲಿಟ್ಟ ಗೋಲಿಯನ್ನು ಸರಿಸಿದರೆ ಅದು ಮರಳಿ ತಳಕ್ಕೆ ಬರುತ್ತದೆ. ಬೋರಲು ಹಾಕಿದ ತೆಂಗಿನ ಚಿಪ್ಪಿನ ಮೇಲಿಟ್ಟ ಗೋಲಿ ಒಮ್ಮೆ ಕದಲಿದರೆ ಉರುಳಿಯೇ ಹೋಗುತ್ತದೆ. ವೇಗದ ವಿಷಯದಲ್ಲಿ ಜೋಡಿ ರೋಟರು ಈ ಎರಡನೆಯ ಜಾತಿಗೆ ಸೇರಿದೆ. ಉರುಳುವಿಕೆ ನಿಧಾನವಾದುದು, ನುರಿತ ಚಾಲಕನು ತಡೆಯಬಲ್ಲದು. ಆದರೆ ತಡೆಯುತ್ತಲೇ ಇರಬೇಕು. ಅದಕ್ಕಿಂತಲೂ ತಬ್ಬಿಬ್ಬುಗೊಳಿಸುವ ಸಂಗತಿ ಇನ್ನೊಂದಿದೆ. ವೇಗ ಹೆಚ್ಚಿಸಲು ಚಾಲಕನು ಹಿಡಿಗೋಲನ್ನು ಮುಂದಕ್ಕೆ ಒತ್ತುತ್ತಾನೆ. ವೇಗ ಏರುತ್ತದೆ. ಈಗ ಬಾಲ ತಾನಾಗಿಯೇ ಎತ್ತಿಕೊಳ್ಳುತ್ತಿರುವುದರಿಂದ ಹೊಸ ವೇಗದಲ್ಲಿ ನಿಲ್ಲಬೇಕಾದರೆ ಅವನು ಹಿಡಿಗೋಲನ್ನು ಹಿಂದಕ್ಕೆ ಎಳೆಯಬೇಕು. ಮೊದಲಿದ್ದ ಸ್ಥಾನಕ್ಕಿಂತಲೂ ಹಿಂದಕ್ಕೆ! ವೇಗವಾಗಿ ಹಾರುವ ಯಂತ್ರದಲ್ಲಿ ಗೋಲು ಹಿಂದೆ, ನಿಧಾನವಾಗಿ ಹಾರುವಾಗ ಗೋಲು ಮುಂದೆ. ಸೈಕಲ್ಲನ್ನು ಎಡಕ್ಕೆ ತಿರುಗಿಸಿ, ತಿರುವಿನಲ್ಲಿ ಉಳಿಯಲು ಹಿಡಿಯನ್ನು ಬಲಕ್ಕೆ ಒತ್ತಿ ಹಿಡಿಯಬೇಕೆಂದು ಯಾರಾದರೂ ಕಲಿಸಿದರೆ ಹೇಗಿದ್ದೀತು? ಮೋಡದಲ್ಲಿ, ಕತ್ತಲೆಯಲ್ಲಿ, ಹೊರಗಿನದೇನೂ ಕಾಣದೆ ಹಾರುವವನಿಗೆ ಕೈಯ ಸ್ಥಾನವೇ ವೇಗದ ಸುಳಿವು. ಆ ಸುಳಿವು ತಲೆಕೆಳಗಾಗಿದ್ದರೆ ಅಪಾಯ ಬಹಳ ದೂರವಿಲ್ಲ.

ಇದರ ಜೊತೆಗೆ ಇನ್ನೊಂದು ಅಸ್ಥಿರತೆಯೂ ಸೇರಿಕೊಳ್ಳುತ್ತದೆ. ಕೆಳಗಿನಿಂದ ಗಾಳಿಯೊಂದು ಬೀಸಿ ಮೂತಿಯನ್ನು ಎತ್ತಿತೆನ್ನಿ. ಮುಂದಿನ ರೋಟರಿನ ಎತ್ತುಬಲ ಹೆಚ್ಚುತ್ತದೆ. ಹೆಚ್ಚಿದ ಎತ್ತುಬಲಕ್ಕೆ ಹೆಚ್ಚಿದ ಇಳಿಗಾಳಿ. ಅದು ಹಿಂದಿನದರ ಮೇಲೆ ಸುರಿದು ಅದರ ಎತ್ತುಬಲ ಏಳಬೇಕಾದಷ್ಟು ಏಳದಂತೆ ಮಾಡುತ್ತದೆ. ಪರಿಣಾಮವಾಗಿ ಎದ್ದ ಮೂತಿ ಇನ್ನೂ ಏಳುತ್ತದೆ. ಇದು ಮೊದಲಿನದಕ್ಕಿಂತ ಚುರುಕಾದ ರೋಗ.

ಅಮೆರಿಕದಲ್ಲಿ ಫ್ರಾಂಕ್ ಪಿಯಾಸೆಕಿ ಎಂಬ ಎಂಜಿನಿಯರು ಕಟ್ಟಿದ ಜೋಡಿ ರೋಟರಿನ ಯಂತ್ರ 1945ರ ಮಾರ್ಚಿನಲ್ಲಿ ಮೊದಲು ಹಾರಿತು. ಬಾಗಿದ ಅದರ ಒಡಲನ್ನು ಕಂಡು ಜನ ಹಾರುವ ಬಾಳೆಹಣ್ಣು ಎಂದು ಕರೆದರು. ಅವನ ಸಂಸ್ಥೆ ಮುಂದೆ 1956ರಲ್ಲಿ ವರ್ಟಾಲ್ ಎಂದು ಹೆಸರು ಬದಲಿಸಿಕೊಂಡು, 1960ರಲ್ಲಿ ಬೋಯಿಂಗಿನ ವಶವಾಯಿತು. ಚಿನೂಕ್ ಆ ವಂಶದ ಕುಡಿ. ಅದು ಮೊದಲು ನೆಲ ಬಿಟ್ಟದ್ದು 1961ರ ಸೆಪ್ಟೆಂಬರಿನಲ್ಲಿ. ಜೋಡಿ ರೋಟರಿನ ವೇಗದ ಅಸ್ಥಿರತೆಯನ್ನು 1950ರ ದಶಕದಲ್ಲಿ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದ ಟ್ಯಾಪ್ಸ್‌ಕಾಟ್, ಏಮರ್ ಎಂಬ ಸಂಶೋಧಕರು ನಿಜವಾದ ಯಂತ್ರವನ್ನೇ ಹಾರಿಸಿ ಅಳೆದರು. ಮದ್ದುಗಳೂ ಹೊರಟವು. ಹಿಂದಿನ ರೋಟರನ್ನು ಗೋಪುರದ ಮೇಲೆ ಎತ್ತಿ ಇಟ್ಟರೆ ಮುಂದಿನದರ ಇಳಿಗಾಳಿ ಬಹುಮಟ್ಟಿಗೆ ಅದರ ಕೆಳಗೆ ಹಾಯುತ್ತದೆ, ಅಲಗುಗಳು ಒಂದಕ್ಕೊಂದು ತಗಲುವ ಭಯವೂ ಕಡಮೆ. ಬೆಂಗಳೂರಿನಲ್ಲಿ ತಯಾರಾಗುವ ಆ ಗೋಪುರದ ಎತ್ತರಕ್ಕೆ ಇದೊಂದು ಕಾರಣ. ಎರಡು ಚಕ್ರಗಳನ್ನು ಒಂದಕ್ಕೊಂದು ತುಸು ಒಳಮುಖವಾಗಿ ಬಾಗಿಸಿದರೂ ವೇಗದ ಅಸ್ಥಿರತೆ ತಗ್ಗುತ್ತದೆ. ಆದರೆ ಇಂಥ ಉಪಾಯಗಳು ರೋಗವನ್ನು ತಗ್ಗಿಸುತ್ತವೆಯೇ ಹೊರತು ವಾಸಿಮಾಡುವುದಿಲ್ಲ. ಪಿಯಾಸೆಕಿಯ ನೌಕಾಪಡೆಯ ಹೆಲಿಕಾಪ್ಟರೊಂದರ ಮೊದಲ ಮಾದರಿಗೆ ಸ್ಥಿರತೆಗಾಗಿ ಬಾಲದಲ್ಲಿ ಓರೆಯಾದ ರೆಕ್ಕೆಗಳಿದ್ದವು. ಎರಡನೆಯ ಮಾದರಿಯಲ್ಲಿ ಸ್ಪೆರ್ರಿ ಸಂಸ್ಥೆಯ ಸ್ವಯಂಚಾಲಕ ಯಂತ್ರ ಬಂದುದೇ ತಡ, ಆ ರೆಕ್ಕೆಗಳನ್ನೇ ತೆಗೆದುಹಾಕಿದರು. ತಗಡಿನಿಂದ ಆಗುತ್ತಿದ್ದ ಕೆಲಸವನ್ನು ಅಲ್ಲಿಂದ ಮುಂದೆ ವಿದ್ಯುತ್ತು ವಹಿಸಿಕೊಂಡಿತು. ಜೋಡಿ ರೋಟರಿನ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ತಿರುವು ಬೇರೆಯಿಲ್ಲವೆಂದು ನಾವು ಎಣಿಸುತ್ತೇವೆ.

ಚಿನೂಕಿನಲ್ಲಿ ವೇಗದ ಅಸ್ಥಿರತೆಗೆ ಮದ್ದಾಗಿರುವ ಸಾಧನಕ್ಕೆ ಡಿಫರೆನ್ಶಿಯಲ್ ಏರ್‌ಸ್ಪೀಡ್ ಹೋಲ್ಡ್ ಎಂದು ಹೆಸರು, ಚುಟುಕಾಗಿ ಡ್ಯಾಶ್. ಹೆಸರಿನ ಗಡಸಿಗೆ ಹೆದರಬೇಕಾಗಿಲ್ಲ. ಹಿಡಿಗೋಲಿನಿಂದ ರೋಟರುಗಳ ಕಡೆಗೆ ಹೋಗುವ ಸಲಾಕೆಯ ನಡುವೆ, ವಿದ್ಯುತ್ ಮೋಟಾರಿನಿಂದ ಉದ್ದವನ್ನು ಹಿಗ್ಗಿಸಿ ಕುಗ್ಗಿಸಬಲ್ಲ ದಂಡವೊಂದನ್ನು ಜೋಡಿಸಿದೆ. ಚಾಲಕನು ಹಿಡಿಗೋಲನ್ನು ಅಲುಗಿಸದಿದ್ದರೂ ಈ ದಂಡದ ಉದ್ದ ಬದಲಾದರೆ ಎರಡು ರೋಟರುಗಳ ಕೋನದ ವ್ಯತ್ಯಾಸ ಬದಲಾಗುತ್ತದೆ. ವೇಗ ಹೆಚ್ಚಿದಂತೆಲ್ಲ ದಂಡ ಮೂತಿಯನ್ನು ಎತ್ತುವ ಕಡೆಗೆ ಸರಿಯುತ್ತದೆ. ಗಾಳಿ ಬಾಲವನ್ನು ಎಷ್ಟು ಎತ್ತಿತೋ ಅಷ್ಟನ್ನು ಅಳಿಸಿ, ಅದರ ಮೇಲೆ ಇನ್ನೂ ತುಸು ಹೆಚ್ಚಾಗಿಯೇ ಮೂತಿಯನ್ನು ಎತ್ತುತ್ತದೆ. ಆ ತುಸು ಹೆಚ್ಚಿನಲ್ಲಿಯೇ ಗುಟ್ಟಿರುವುದು. ಅದರಿಂದಾಗಿ ಹೆಚ್ಚಿನ ವೇಗದಲ್ಲಿ ಉಳಿಯಲು ಚಾಲಕನು ಗೋಲನ್ನು ಮುಂದೆಯೇ ಹಿಡಿದಿರಬೇಕಾಗುತ್ತದೆ. ಬಿಟ್ಟರೆ ಯಂತ್ರ ತನ್ನ ಹಳೆಯ ವೇಗಕ್ಕೆ ಮರಳುತ್ತದೆ. ತಲೆಕೆಳಗಾಗಿದ್ದ ಸುಳಿವು ನೆಟ್ಟಗಾಯಿತು. ಬೋರಲು ಚಿಪ್ಪು ಅಂಗಾತವಾಯಿತು. ಆದರೆ ಗಾಳಿಯಾಗಲಿ ರೋಟರುಗಳಾಗಲಿ ಬದಲಾಗಲಿಲ್ಲ. ಬದಲಾದದ್ದು ಕೈಗೂ ಯಂತ್ರಕ್ಕೂ ನಡುವಿನ ಲೆಕ್ಕ ಮಾತ್ರ.

ಕಡವಿನ ದೋಣಿಯವನನ್ನು ನೆನೆದರೆ ಟ್ರಿಮ್ ಎಂಬ ಮಾತು ಇನ್ನೂ ತಿಳಿಯಾಗುತ್ತದೆ; ಆ ಮಾತು ಹುಟ್ಟಿದ್ದೂ ಹಡಗಿನವರ ಬಾಯಲ್ಲಿಯೇ. ನೇತ್ರಾವತಿಯಲ್ಲೋ ಕುಮಾರಧಾರೆಯಲ್ಲೋ ದೋಣಿ ಬಿಡುವ ಮೊದಲು ಅವನು ಒಬ್ಬರನ್ನು ಹಿಂದಕ್ಕೆ, ಇನ್ನೊಬ್ಬರನ್ನು ಮುಂದಕ್ಕೆ ಕೂಡಿಸಿ ದೋಣಿ ಮಟ್ಟವಾದ ಮೇಲೆಯೇ ಹುಟ್ಟು ಹಾಕುತ್ತಾನೆ. ಅದು ಒಮ್ಮೆ ಮಾಡಿ ಮುಗಿಸುವ ಹದ. ಚಿನೂಕಿನ ಹದ ವೇಗ ಬದಲಾದಾಗಲೆಲ್ಲ ಬದಲಾಗಬೇಕು. ಹಾರಾಟದುದ್ದಕ್ಕೂ ಜನರನ್ನು ಎಬ್ಬಿಸಿ ಕೂಡಿಸುತ್ತಲೇ ಇರುವ ದೋಣಿಯವನಂತೆ.

ಇಲ್ಲಿ ಎಂಜಿನಿಯರುಗಳು ಮಾಡಿರುವ ಒಂದು ಜಾಣತನವನ್ನು ಹೇಳದಿದ್ದರೆ ವಿಷಯ ಅರ್ಧವಾಗುತ್ತದೆ. ಇಂಥ ದಂಡವೊಂದು ಕೆಟ್ಟು ಒಂದು ಕಡೆಗೆ ಪೂರ್ತಿಯಾಗಿ ಓಡಿದರೆ ಗತಿಯೇನು? ಅದಕ್ಕಾಗಿ ಕೆಲಸವನ್ನು ಎರಡಾಗಿ ಹಂಚಿದ್ದಾರೆ. ಗಾಳಿಯ ಹೊಡೆತಕ್ಕೆ ತಟ್ಟನೆ ಉತ್ತರ ಕೊಡುವ ಸಾಧನ ಬೇರೆ. ಅದು ಬಹಳ ಚುರುಕು, ಆದರೆ ಅದರ ಅಧಿಕಾರ ಅತ್ಯಲ್ಪ, ಚಾಲಕನ ಕೈಗಿರುವ ಒಟ್ಟು ಚಲನೆಯಲ್ಲಿ ಸಣ್ಣದೊಂದು ಪಾಲು. ವೇಗದ ಹದ ಕಾಯುವ ದಂಡಕ್ಕೆ ದೊಡ್ಡ ಅಧಿಕಾರವಿದೆ, ಆದರೆ ಅದರ ನಡೆ ಆಮೆಯದು. ಚುರುಕಾದದ್ದು ಹುಚ್ಚೆದ್ದರೆ ಅದು ಸಣ್ಣದು, ಚಾಲಕನು ಮೀರಿಸಬಲ್ಲನು. ದೊಡ್ಡದು ಹುಚ್ಚೆದ್ದರೆ ಅದು ನಿಧಾನ, ಚಾಲಕನಿಗೆ ವೇಳೆ ದೊರೆಯುತ್ತದೆ. ಇದಲ್ಲದೆ ಇಡೀ ವ್ಯವಸ್ಥೆ ಜೋಡಿಯಾಗಿದೆ. ಎರಡೂ ಅರ್ಧರ್ಧ ಕೆಲಸ ಹಂಚಿಕೊಳ್ಳುತ್ತವೆ, ಒಂದು ನಿಂತರೆ ಇನ್ನೊಂದು ನಡೆಸುತ್ತದೆ. ನಿಧಾನಕ್ಕೆ ಬೆಲೆಯನ್ನೂ ತೆರಬೇಕು. ಚಾಲಕನು ಒಮ್ಮೆಲೇ ವೇಗವನ್ನು ಏರಿಸಿದರೆ ಅಥವಾ ಇಳಿಸಿದರೆ ದಂಡ ಹಿಂದೆ ಬೀಳುತ್ತದೆ. ಅದು ಬಂದು ಸೇರುವ ತನಕ ಹಿಡಿಗೋಲಿನ ಸ್ಥಾನಕ್ಕೂ ವೇಗಕ್ಕೂ ಇರಬೇಕಾದ ಹೊಂದಿಕೆ ಇರುವುದಿಲ್ಲ.

ಕೈಗೆ ತಾಗುವ ಭಾರದ ವಿಷಯವೂ ಹೀಗೆಯೇ ವಿಚಿತ್ರ. ಅಲಗುಗಳನ್ನು ತಿರುಚಲು ಬೇಕಾದ ಬಲ ಮನುಷ್ಯನ ತೋಳಿನದಲ್ಲ, ಒತ್ತಡದ ಎಣ್ಣೆಯದು. ಆದುದರಿಂದ ಅಲಗುಗಳ ಮೇಲಿನ ಗಾಳಿಯ ಒತ್ತಡ ಹಿಡಿಗೋಲಿಗೆ ತಲುಪುವುದೇ ಇಲ್ಲ. ಹಾಗೆಂದು ಗೋಲನ್ನು ಸಡಿಲವಾಗಿ ಬಿಟ್ಟರೆ ಚಾಲಕನಿಗೆ ಏನೂ ತಿಳಿಯದು. ಅದಕ್ಕಾಗಿ ಸ್ಪ್ರಿಂಗುಗಳನ್ನೂ ವಿದ್ಯುತ್ಕಾಂತದ ಹಿಡಿತವನ್ನೂ ಇಟ್ಟು ಕೃತಕವಾದ ಒತ್ತಡವನ್ನು ಹುಟ್ಟಿಸಿದ್ದಾರೆ. ಗುಂಡಿಯೊಂದನ್ನು ಒತ್ತಿದರೆ ಹಿಡಿತ ಬಿಡುತ್ತದೆ, ಗೋಲನ್ನು ಹೊಸ ಸ್ಥಾನಕ್ಕೆ ತಂದು ಗುಂಡಿ ಬಿಟ್ಟರೆ ಅದೇ ಹೊಸ ಹದ. ಚಾಲಕನು ಗಾಳಿಯನ್ನು ಮುಟ್ಟುತ್ತಿದ್ದೇನೆಂದು ಭಾವಿಸುವಾಗ ಅವನು ಮುಟ್ಟುತ್ತಿರುವುದು ಒಂದು ಸ್ಪ್ರಿಂಗನ್ನು.

ಇನ್ನೊಂದು ಸ್ವಯಂಚಾಲಿತ ಹದವಿದೆ. ಜೋಡಿ ರೋಟರಿನಲ್ಲಿ ಹಿಡಿಗೋಲು ಚಕ್ರಗಳನ್ನು ಮುಂದಕ್ಕೆ ಬಾಗಿಸುವುದಿಲ್ಲ ಎಂದು ಮೇಲೆ ಹೇಳಿದೆವು. ಆದರೆ ವೇಗವಾಗಿ ಓಡಬೇಕಾದರೆ ಎತ್ತುಬಲ ಮುಂದಕ್ಕೆ ಬಾಗಲೇಬೇಕು. ಚಕ್ರ ಬಾಗದಿದ್ದರೆ ಒಡಲು ಬಾಗಬೇಕು. ಆಗ ಮೂತಿ ನೆಲ ನೋಡುತ್ತದೆ, ಗಾಳಿಯ ತಡೆ ಹೆಚ್ಚುತ್ತದೆ, ಹಿಂದಿನ ರೋಟರಿನ ಉದ್ದನೆಯ ಕಂಬದ ಮೇಲೆ ಬಾಗಿಸುವ ಒತ್ತಡ ಬೀಳುತ್ತದೆ. ಒಳಗೆ ಕುಳಿತವರಿಗೂ ಜಾರುಬಂಡೆಯ ಅನುಭವ. ಆದುದರಿಂದ ವೇಗ ಏರಿದಂತೆ ಎರಡು ರೋಟರುಗಳ ಚಕ್ರಗಳನ್ನೂ ಕೆಲವು ಡಿಗ್ರಿ ತಾನಾಗಿಯೇ ಮುಂದಕ್ಕೆ ಬಾಗಿಸುವ ದಂಡಗಳಿವೆ. ಇಳಿಯುವಾಗ ಅವು ಹಿಂದಕ್ಕೆ ಸರಿಯುತ್ತವೆ. ಅವು ಬಾಗಿಯೇ ಸಿಕ್ಕಿಕೊಂಡರೆ ನಿಧಾನ ವೇಗದಲ್ಲಿ ಚಕ್ರಗಳು ಮಟ್ಟಸವಾಗಲು ಒಡಲೇ ಮೂತಿ ಎತ್ತಿಕೊಳ್ಳಬೇಕಾಗುತ್ತದೆ, ಬಾಲ ನೆಲಕ್ಕೆ ಹತ್ತಿರವಾಗುತ್ತದೆ. ಹಿಂದಿನ ಸ್ಥಾನದಲ್ಲಿಯೇ ಸಿಕ್ಕಿಕೊಂಡರೆ ಹೆಚ್ಚಿನ ವೇಗದ ಆಸೆ ಬಿಡಬೇಕು. ಇವು ಎಲ್ಲಿವೆಯೆಂಬುದನ್ನು ತೋರಿಸುವ ಸೂಚಿಗಳು ಚಾಲಕನ ಕಣ್ಣೆದುರಿಗೇ ಇರುತ್ತವೆ.

ವೇಗಕ್ಕೆ ತಕ್ಕ ಹದ ಎಂದೆವು. ಆದರೆ ವೇಗವನ್ನು ದಂಡಕ್ಕೆ ಹೇಳುವವರು ಯಾರು? ಮೂತಿಯಲ್ಲಿ ಗಾಳಿಗೆ ಎದುರಾಗಿ ಚಾಚಿದ ಪಿಟೋ ನಳಿಕೆ. ಅದು ಅಳೆಯುವ ಒತ್ತಡ ವೇಗದ ವರ್ಗವನ್ನು ಅನುಸರಿಸುತ್ತದೆ: ಸೆಕೆಂಡಿಗೆ 60 ಮೀಟರು ವೇಗದಲ್ಲಿ ದೊರೆಯುವ ಒತ್ತಡದ ಮೂವತ್ತಾರರಲ್ಲೊಂದು ಪಾಲು ಮಾತ್ರ 10 ಮೀಟರು ವೇಗದಲ್ಲಿ ದೊರೆಯುತ್ತದೆ. ಸಾಲದುದಕ್ಕೆ ಮೇಲಿನಿಂದ ಸುರಿಯುವ ಇಳಿಗಾಳಿಯ ಗಲಿಬಿಲಿ ಬೇರೆ. ಆದುದರಿಂದ ನಿಧಾನ ವೇಗದಲ್ಲಿ ನಳಿಕೆಯ ಮಾತನ್ನು ನಂಬದೆ, ಯಂತ್ರದ ಓರೆಯನ್ನು ತೋರಿಸುವ ಗೈರೊಗಳ ಮಾತನ್ನು ಕೇಳುವಂತೆ ಏರ್ಪಾಡು ಮಾಡಿದೆ. ವೇಗದಲ್ಲಿಯೂ ನಳಿಕೆಯೊಳಗೆ ಹಿಮವೋ ನೀರೋ ಕಟ್ಟಿದರೆ, ಅಥವಾ ನಮ್ಮ ಕುಂಬಾರ ಹುಳುವಿನಂಥದೊಂದು ಕೀಟ ಒಳಗೆ ಮಣ್ಣಿನ ಗೂಡು ಕಟ್ಟಿದ್ದರೆ, ಹದ ಕಾಯುವ ಯಂತ್ರ ಬಹಳ ಶಿಸ್ತಿನಿಂದ ತಪ್ಪು ಹದವನ್ನೇ ಮಾಡುತ್ತದೆ. ಸ್ವಯಂಚಾಲಿತ ಎಂಬ ಮಾತು ಕೇಳಿದೊಡನೆ ಯಂತ್ರಕ್ಕೆ ಬುದ್ಧಿಯಿದೆಯೆಂದು ತಿಳಿಯುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಅದಕ್ಕಿರುವುದು ವಿಧೇಯತೆ. ನಮ್ಮ ವಾಯುಪಡೆಯ ಯಂತ್ರಗಳು ಹೊಸ ಮಾದರಿಯವು. ಅವುಗಳಲ್ಲಿ ಈ ಲೆಕ್ಕವನ್ನೆಲ್ಲ ಅಂಕೀಯ ಗಣಕಗಳು ಮಾಡುತ್ತವೆ, ಹಳೆಯವಕ್ಕಿಂತ ನವುರಾಗಿ ಮಾಡುತ್ತವೆ. ಆದರೆ ಗಣಕಕ್ಕೂ ವೇಗ ತಿಳಿಯಬೇಕಾದದ್ದು ಹೊರಗಿನಿಂದಲೇ.

ಹಾಗಾದರೆ ಎರಡು ವ್ಯವಸ್ಥೆಗಳೂ ಕೈಕೊಟ್ಟ ದಿನ? ಯಂತ್ರ ಬೀಳುವುದಿಲ್ಲ. ಹಿಡಿಗೋಲು, ಎಣ್ಣೆಯ ಒತ್ತಡ, ರೋಟರುಗಳು ಎಲ್ಲವೂ ಚಾಲಕನ ಮಾತು ಕೇಳುತ್ತಲೇ ಇರುತ್ತವೆ. ಆದರೆ ಅವನ ಕೈಯಲ್ಲಿರುವುದು ಈಗ ಬೇರೆಯೇ ಯಂತ್ರ, 1950ರ ದಶಕದವರು ಅಳೆದ ಆ ಹಳೆಯ ಅಸ್ಥಿರ ಯಂತ್ರ. ಒತ್ತಿದ ಮೇಲೆ ಎಳೆಯಬೇಕು. ಎದ್ದ ಮೂತಿ ಇನ್ನೂ ಏಳುವ ಮೊದಲೇ ತಗ್ಗಿಸಬೇಕು. ಕಣ್ಣನ್ನು ಸೂಚಿಗಳಿಂದ ಕೀಳುವಂತಿಲ್ಲ. ಅಸ್ಥಿರತೆಗಳು ವೇಗದಲ್ಲಿ ಹೆಚ್ಚು ಕಾಡುವುದರಿಂದ ಮೊದಲು ಮಾಡಬೇಕಾದ ಕೆಲಸ ವೇಗ ತಗ್ಗಿಸುವುದು. ಇದನ್ನು ಕಲಿಯುವ ದಾರಿ ಒಂದೇ: ಸ್ವಯಂಚಾಲಿತ ಹದವನ್ನು ಬೇಕೆಂದೇ ಆರಿಸಿ ಹಾರುವುದು. ಚಿನೂಕ್ ಕಲಿಯುವವರಿಗೆ ಈ ಪಾಠ ಇದ್ದೇ ಇದೆ, ಮೊದಲು ನೆಲದ ಮೇಲಿನ ಅನುಕರಣ ಯಂತ್ರದಲ್ಲಿ, ಆಮೇಲೆ ಆಕಾಶದಲ್ಲಿ. ಹದ ಕಾಯುವ ಯಂತ್ರ ಎಷ್ಟು ಒಳ್ಳೆಯದಾಗಿದ್ದರೆ ಈ ಪಾಠ ಅಷ್ಟು ಅಗತ್ಯವೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಒಳ್ಳೆಯ ಹದಕ್ಕೆ ಒಗ್ಗಿದ ಕೈ ಕೆಳಗಿನ ಅಸ್ಥಿರತೆಯನ್ನು ತಾನಾಗಿ ಎಂದೂ ಕಾಣುವುದಿಲ್ಲ.

2022ರ ಏಪ್ರಿಲ್ 11ರಂದು ವಾಯುಪಡೆಯ ಚಿನೂಕೊಂದು ಚಂಡೀಗಢದಿಂದ ಅಸ್ಸಾಮಿನ ಜೋರ್ಹಾಟಿಗೆ ಎಲ್ಲಿಯೂ ಇಳಿಯದೆ 1,910 ಕಿಲೋಮೀಟರು ಹಾರಿತು. ಏಳೂವರೆ ಗಂಟೆ ಹಿಡಿಯಿತು. ಹಿಡಿಗೋಲನ್ನು ಕ್ಷಣಕ್ಷಣಕ್ಕೂ ತಿದ್ದುತ್ತಾ ಅಷ್ಟು ಹೊತ್ತು ಕುಳಿತಿರುವುದು ಇಬ್ಬರು ಚಾಲಕರು ಸರದಿಯ ಮೇಲೆ ಮಾಡಿದರೂ ಎಂಥ ಕೆಲಸವಾದೀತೆಂದು ತಿಳಿಯಬೇಕೆಂದಿರುವ ವಿದ್ಯಾರ್ಥಿಗಳು ಒಂದು ಕಡ್ಡಿಹಿಡಿಯನ್ನು ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಐದು ನಿಮಿಷ ನಡೆದು ನೋಡಬಹುದು.